ಯಾವ ಸಿದ್ದಾಪುರ? ಯಾವ ಮಂಜಪ್ಪ?

ತೀರ್ಥಹಳ್ಳಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಪಾಸ್‌ಪೋರ್ಟ್ ಅರ್ಜಿ ತುಂಬುವುದು, ರೈಲು ಮತ್ತು ವಿಮಾನದ ಟಿಕೆಟ್ ಮಾಡುವುದು, ಕೊರಿಯರ್ ಚೀಟಿ ಬರೆಯುವುದು, ಎಲ್ಲವೂ ಇಲ್ಲೇ. ಬೆರಳಚ್ಚಿಗಿಂತ ಹೆಚ್ಚಾಗಿ ನನ್ನ ಬಾಯಿಗೆ ಕೆಲಸ ಕೊಡುವ ಮಾತು ಒಂದೇ: ‘ಯಾವ?’ ಯಾವ ಸಾಗರ, ಯಾವ ಹೊಸಹಳ್ಳಿ, ಯಾವ ಮಂಜುನಾಥ? ಬಂದವರಿಗೆ ರೇಗುತ್ತದೆ. ‘ಸಿದ್ದಾಪುರ ಅಂದರೆ ಸಿದ್ದಾಪುರ, ಅದರಲ್ಲಿ ಯಾವುದು ಎಂದೇನಿದೆ?’ ಎನ್ನುತ್ತಾರೆ. ಇದೆ. ಹೇಗೆ ಬಿಡಿಸಿಕೊಳ್ಳುವುದು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಒಮ್ಮೆ ಓದಿಕೊಂಡು ಬಂದರೆ ನನ್ನ ಅಂಗಡಿಯ ಮುಂದಿನ ಸಾಲು ಬೇಗ ಕರಗುತ್ತದೆ.

ಸಿದ್ದಾಪುರದಿಂದಲೇ ಶುರು ಮಾಡೋಣ. ಸಾಗರ, ತಾಳಗುಪ್ಪದವರಿಗೆ ಸಿದ್ದಾಪುರವೆಂದರೆ ಉತ್ತರ ಕನ್ನಡದ ತಾಲ್ಲೂಕು ಕೇಂದ್ರ. ಮಾಸ್ತಿಕಟ್ಟೆ, ಹುಲಿಕಲ್ ಕಡೆಯವರಿಗೆ ಬಾಳೆಬರೆ ಘಾಟಿ ಇಳಿದು ಹೊಸಂಗಡಿ ದಾಟಿದ ಮೇಲೆ ಕುಂದಾಪುರದ ದಾರಿಯಲ್ಲಿ ಸಿಗುವ ಪೇಟೆ. ಕಾಫಿ ಸೀಮೆಗೆ ಕೆಲಸಕ್ಕೆ ಹೋಗಿ ಬಂದವರಿಗೆ ಕೊಡಗಿನ ಸಿದ್ದಾಪುರ. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತು ‘ಸಿದ್ದಾಪುರಕ್ಕೆ ಒಂದು ಪಾರ್ಸೆಲ್’ ಎಂದರೆ, ಮೂವರ ಮನಸ್ಸಿನಲ್ಲೂ ಒಂದೊಂದು ಊರು ಸ್ಪಷ್ಟವಾಗಿ ನಿಂತಿರುತ್ತದೆ. ಅದಕ್ಕೇ ಅವರಿಗೆ ಅನುಮಾನವೇ ಬರುವುದಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಊರಿನ ವಿಳಾಸವನ್ನೇ ಜನ ಅತಿ ಕೆಟ್ಟದಾಗಿ ಬರೆಯುತ್ತಾರೆ. ಇದು ಕೌಂಟರಿನ ಈಚೆ ಕುಳಿತು ನಾನು ಕಂಡುಕೊಂಡ ಸತ್ಯ.

ಈ ಮೂರನ್ನೂ ಬೇರೆ ಮಾಡುವುದು ಪಿನ್ ಕೋಡ್. ಉತ್ತರ ಕನ್ನಡದ್ದು 581ರಿಂದ, ಉಡುಪಿ ಜಿಲ್ಲೆಯದು 576ರಿಂದ, ಕೊಡಗಿನದು 571ರಿಂದ ಶುರುವಾಗುತ್ತದೆ. ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಊರುಗಳು, ಹತ್ತು ಭಾಷೆಗಳ ಕೈಬರಹ, ಗೀಚಿದ ಅಕ್ಷರ, ಇವುಗಳಿಂದ ಕಾಗದಗಳು ದಾರಿ ತಪ್ಪುವುದನ್ನು ನಿಲ್ಲಿಸಲೆಂದೇ ಇದು ಹುಟ್ಟಿತು. ಮೊದಲ ಅಂಕಿ ವಲಯದ್ದು. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಮೂರನೆಯದು ಸೇರಿದಾಗ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ.

ಇಲ್ಲಿ ನಮ್ಮವರು ಜಾರುವ ಜಾಗ ಒಂದಿದೆ. ‘577 ಅಂದರೆ ಶಿವಮೊಗ್ಗ’ ಎಂದು ಮೊದಲ ಮೂರಷ್ಟೇ ನೆನಪಿಟ್ಟುಕೊಂಡು ಬರುತ್ತಾರೆ. 577 ಶಿವಮೊಗ್ಗದ ಸ್ವಂತ ಆಸ್ತಿಯಲ್ಲ. ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗಗಳಿಗೂ ಅದೇ. ಶಿವಮೊಗ್ಗ ಪೇಟೆಗೆ 577201, ಭದ್ರಾವತಿಗೆ 577301, ಸಾಗರಕ್ಕೆ 577401, ತೀರ್ಥಹಳ್ಳಿಗೆ 577432, ಪಕ್ಕದ ಜಿಲ್ಲೆಯ ಕೊಪ್ಪಕ್ಕೆ 577126. ಆದ್ದರಿಂದ ಕೊನೆಯ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿ. ಕೊಪ್ಪದ ವಿಷಯದಲ್ಲಂತೂ ಇದು ಕಡ್ಡಾಯ. ಮದ್ದೂರು ತಾಲ್ಲೂಕಿನಲ್ಲಿ ಒಂದು ಕೊಪ್ಪವಿದೆ. ಕೊಪ್ಪಳವೆಂಬ ಜಿಲ್ಲೆಯೇ ಇದೆ. ನಮ್ಮ ಸೀಮೆಯಲ್ಲಿ ಕೊಪ್ಪ, ಮಕ್ಕಿ, ಸರ, ಕೊಡಿಗೆ, ಬೈಲು ಎಂದು ಮುಗಿಯುವ ಊರುಗಳನ್ನು ಎಣಿಸುತ್ತ ಕುಳಿತರೆ ಮಳೆಗಾಲ ಮುಗಿದೀತು.

ಹೊಳೆಯ ಹೆಸರು ಹಿಡಿದು ಊರನ್ನು ಗುರುತಿಸುವ ಪದ್ಧತಿ ಜಗತ್ತಿನಲ್ಲಿ ಎಲ್ಲೆಡೆ ಇದೆ. ಜರ್ಮನಿಯಲ್ಲಿ ವಿಮಾನ ಇಳಿಯುವ ದೊಡ್ಡ ಫ್ರಾಂಕ್‌ಫರ್ಟ್ ಮೈನ್ ನದಿಯದು. ಪೋಲೆಂಡ್ ಗಡಿಯಲ್ಲಿರುವುದು ಓಡರ್ ನದಿಯದು. ಅಲ್ಲಿನವರು ನದಿಯನ್ನು ಸೇರಿಸಿಯೇ ಬರೆಯುತ್ತಾರೆ. ನಮ್ಮಲ್ಲಿ ಈ ಉಪಾಯ ಕೆಲವೊಮ್ಮೆ ಕೈಕೊಡುತ್ತದೆ. ಬಾಳೆಹೊನ್ನೂರು, ಹೊಳೆಹೊನ್ನೂರು ಎರಡೂ ಭದ್ರೆಯ ದಡದವು! ಒಂದು ರಂಭಾಪುರಿ ಪೀಠವಿರುವ ಚಿಕ್ಕಮಗಳೂರು ಜಿಲ್ಲೆಯ ಊರು. ಇನ್ನೊಂದು ಸತ್ಯಧರ್ಮತೀರ್ಥರ ಬೃಂದಾವನವಿರುವ ಭದ್ರಾವತಿ ತಾಲ್ಲೂಕಿನ ಊರು. ಹೊರಗಿನಿಂದ ಬರುವ ನೆಂಟರಿಗೆ ‘ಹೊನ್ನೂರಿಗೆ ಬನ್ನಿ, ಭದ್ರಾ ಹೊಳೆ ಪಕ್ಕ’ ಎಂದು ಹೇಳಿ ಫೋನ್ ಇಟ್ಟರೆ ಅವರು ಎರಡರಲ್ಲಿ ಯಾವುದಕ್ಕಾದರೂ ಹೋಗಬಹುದು. ಆಗ ಅವರನ್ನು ಬೈಯುವ ಹಕ್ಕು ನಿಮಗಿಲ್ಲ. ಗುರುತಿಗೆ ಹೊಳೆ ಸಾಲದಿದ್ದರೆ ತಾಲ್ಲೂಕು ಹೇಳಿ, ಮಠ ಹೇಳಿ.

ಮತ್ತೂರು ಮತ್ತು ಮುತ್ತೂರಿನದು ಕೊಂಬಿನ ತಕರಾರು. ಸಂಸ್ಕೃತದ ಊರೆಂದು ಹೆಸರಾದ ಮತ್ತೂರು ಶಿವಮೊಗ್ಗದ ಪಕ್ಕದಲ್ಲಿ. ಮುತ್ತೂರು ಹೋಬಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಎರಡೂ ನಾನಾ ವೇಷ ತೊಡುತ್ತವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಪಾಡೂ ಇದೇ. ಬೆಂಗಳೂರಿನಲ್ಲಿ ಕುಳಿತ ಕೊರಿಯರ್ ಹುಡುಗ ‘ಇದು ಬೆಳಗಾವಿ ಇರಬೇಕು, ಪಾಪ ತಪ್ಪು ಬರೆದಿದ್ದಾರೆ’ ಎಂದು ತಾನೇ ತಿದ್ದಿಬಿಡುತ್ತಾನೆ. ಕೇದಾರೇಶ್ವರ ದೇಗುಲದ ಊರಿಗೆ ಹೊರಟ ಪೊಟ್ಟಣ ಬೆಳಗಾವಿಯ ಗೋದಾಮಿನಲ್ಲಿ ಬಿದ್ದಿರುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೇನೆ. ಪರೋಪಕಾರದ ತಿದ್ದುಪಡಿಯನ್ನು ತಡೆಯಲು ಒಂದೇ ಮಾರ್ಗ: ಊರಿನ ಹೆಸರಿನ ಪಕ್ಕದಲ್ಲೇ ತಾಲ್ಲೂಕನ್ನೂ ಜಿಲ್ಲೆಯನ್ನೂ ಬರೆಯಿರಿ, ಮೂಲೆಯಲ್ಲಿ ಅಲ್ಲ.

ಹೆಸರು ಬದಲಾದ ಊರುಗಳಿಗೆ ಎರಡು ಹೆಸರನ್ನೂ ಹಾಕಿ ಹುಡುಕಬೇಕು. 2014ರ ನವೆಂಬರ್ 1ರಿಂದ ಶಿಮೊಗ್ಗ ಸರ್ಕಾರಿ ಕಾಗದದಲ್ಲಿಯೂ ಶಿವಮೊಗ್ಗವಾಯಿತು. ಆದರೆ ಹಳೆಯ ಅಂಕಪಟ್ಟಿಗಳಲ್ಲಿ ಇಂಗ್ಲಿಷಿನ ಹಳೆಯ ರೂಪವೇ ಇದೆ. ಅದೇ ದಿನ ಬಿಜಾಪುರ ವಿಜಯಪುರವಾಯಿತು. ಅದರಿಂದ ಒಂದು ಗೊಂದಲ ಹೋಗಿ ಇನ್ನೊಂದು ಬಂತು. ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯ ಜೊತೆಗಿನ ಗೋಜಲು ತಪ್ಪಿತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಜೊತೆಗೆ ಹೊಸದಾಗಿ ಅಂಟಿಕೊಂಡಿತು.

ಇನ್ನು ರೈಲು. ಬೆಂಗಳೂರಿನಲ್ಲಿ ಓದುವ ಹುಡುಗರು ತಮ್ಮ ಮೊಬೈಲಿನಲ್ಲಿ ‘ಸಾಗರ’ ಎಂದು ಒತ್ತಿ, ಪಟ್ಟಿಯಲ್ಲಿ ಮೊದಲು ಬಂದದ್ದನ್ನು ಆರಿಸಿ, ‘ನಮ್ಮೂರಿಗೆ ರೈಲೇ ಇಲ್ಲ’ ಎಂದು ಗೊಣಗುತ್ತಾರೆ. ನಿಮ್ಮ ನಿಲ್ದಾಣದ ಹೆಸರು ಸಾಗರ ಜಂಬಗಾರು, ಸಂಕೇತ ಎಸ್‌ಆರ್‌ಎಫ್. ಎಸ್‌ಜಿಒ ಎಂದಿರುವುದು ಮಧ್ಯಪ್ರದೇಶದ ಸಾಗರ, ಹರಿಸಿಂಗ್ ಗೌರ್ ವಿಶ್ವವಿದ್ಯಾಲಯವಿರುವ ಊರು. ಭದ್ರಾವತಿಯೂ ಎರಡಿವೆ; ಇನ್ನೊಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ. ಅಲ್ಲಿನ ರೈಲು ನಿಲ್ದಾಣಕ್ಕೆ ಭಾಂದಕ್ ಎಂಬ ಬೇರೆ ಹೆಸರಿರುವುದರಿಂದ ಟಿಕೆಟ್ಟಿನಲ್ಲಿ ನೀವು ಬಚಾವು, ಪಾರ್ಸೆಲ್ಲಿನಲ್ಲಿ ಅಲ್ಲ. ಶಿವಮೊಗ್ಗದವರಿಗೆ ಎಸ್‌ಎಂಇಟಿ, ಅಂದರೆ ಶಿವಮೊಗ್ಗ ಟೌನ್. ಹೆಸರು ಒತ್ತುವ ಅಭ್ಯಾಸ ಬಿಟ್ಟು ಸಂಕೇತವನ್ನೇ ಒತ್ತಿ. ಅದು ದೇಶಕ್ಕೆಲ್ಲ ಒಂದೇ.

ವಿಮಾನದಲ್ಲೂ ಇದೇ ನಿಯಮ, ದಂಡ ಮಾತ್ರ ದೊಡ್ಡದು. 2017ರಲ್ಲಿ ನೆದರ್ಲೆಂಡ್ಸ್‌ನ ಹದಿನೆಂಟು ವರ್ಷದ ಹುಡುಗನೊಬ್ಬ ಆಸ್ಟ್ರೇಲಿಯಾಕ್ಕೆಂದು ಹೊರಟು ಕೆನಡಾದ ನೋವಾ ಸ್ಕೋಷಿಯಾದ ಸಿಡ್ನಿಯಲ್ಲಿ ಇಳಿದ. ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಕೊಂಡಿದ್ದನಂತೆ. ಅದೇ ದಾರಿಯಲ್ಲಿ ಅವನಿಗಿಂತ ಮುಂಚೆ ಹೋದವರೂ ಇದ್ದಾರೆ. ಆಸ್ಟ್ರೇಲಿಯಾದ್ದು ಎಸ್‌ವೈಡಿ, ಕೆನಡಾದ್ದು ವೈಕ್ಯೂವೈ. ನಮ್ಮ ಸೋಗಾನೆಯ ವಿಮಾನ ನಿಲ್ದಾಣದ ಸಂಕೇತ ಏನು ಗೊತ್ತೇ? ಆರ್‌ಕ್ಯೂವೈ. ಒಂದೇ ಅಕ್ಷರ ತಪ್ಪಿದರೆ ಶಿವಮೊಗ್ಗಕ್ಕೆ ಬರಬೇಕಾದವರು ಅಟ್ಲಾಂಟಿಕ್ ಸಾಗರದ ಅಂಚಿಗೆ ಹೋಗುತ್ತಾರೆ. ಇನ್ನೊಂದು ಸಾಗರ, ನೋಡಿ.

ಟಿಕೆಟ್ ಮಾಡುವಾಗ ಮೂರು ಕಡೆ ಕಣ್ಣಾಡಿಸಿ: ಮೂರಕ್ಷರದ ಸಂಕೇತ, ದೇಶ, ಪ್ರಯಾಣದ ಅವಧಿ. ಅವಧಿ ಬಹಳ ಸತ್ಯವಂತ. ಆಮ್‌ಸ್ಟರ್‌ಡ್ಯಾಮಿನಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಟಿಕೆಟ್ಟು ಟೊರಾಂಟೊ ಮೇಲೆ ಹಾದು ಹೋಗುವುದೆಂದರೆ ಅಲ್ಲೇ ನಿಲ್ಲಬೇಕು. ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದರೆ ಬಿಎಚ್‌ಎಕ್ಸ್. ಬಿಎಚ್‌ಎಂ ಎಂದರೆ ಅಮೆರಿಕದ ಅಲಬಾಮಾ. ಮೆಲ್ಬರ್ನ್ ಎಂಇಎಲ್, ಎಂಎಲ್‌ಬಿ ಎಂದಿದ್ದರೆ ಫ್ಲಾರಿಡಾದ ಮೆಲ್ಬರ್ನ್. ಲಂಡನ್ನಿನಲ್ಲಿ ಥೇಮ್ಸ್ ನದಿ ಇದೆ ಎಂದು ಗುರುತು ಹೇಳಿದರೂ ಸಾಲದು. ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ನಿನಲ್ಲೂ ಥೇಮ್ಸ್ ಎಂಬ ನದಿಯೇ ಹರಿಯುತ್ತದೆ. ವಲಸೆ ಹೋದವರು ಊರಿನ ಹೆಸರಿನ ಜೊತೆ ಹೊಳೆಯ ಹೆಸರನ್ನೂ ಒಯ್ದಿದ್ದಾರೆ.

ಮಳೆಗಾಲಕ್ಕೆ ಮುಂಚೆ ಅಪ್ಪೆಮಿಡಿ ಉಪ್ಪಿನಕಾಯಿಯ ಪಾರ್ಸೆಲ್‌ಗಳು ಬರುತ್ತವೆ. ಒಬ್ಬ ತಾಯಿ ಡಬ್ಬವನ್ನು ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ, ಮೇಲೆ ಹಳೆಯ ಪಂಚೆಯ ತುಂಡು ಕಟ್ಟಿ, ಎಣ್ಣೆ ಒಸರದಂತೆ ಮುಚ್ಚಳದ ಅಂಚಿಗೆ ಮೇಣ ಸವರಿಕೊಂಡು ತಂದಿದ್ದರು. ಅಷ್ಟು ಜತನ. ವಿಳಾಸದ ಚೀಟಿಯಲ್ಲಿ ಮಾತ್ರ ‘ರೋಚೆಸ್ಟರ್, ಅಮೆರಿಕ’. ಮೇಯೋ ಆಸ್ಪತ್ರೆಯಿರುವ ರೋಚೆಸ್ಟರ್ ಮಿನೆಸೋಟಾ ರಾಜ್ಯದ್ದು, ಅಲ್ಲಿನ ಜಿಪ್ ಕೋಡ್ 559ರಿಂದ ಶುರು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನದು 146ರಿಂದ. ಮಗಳಿಗೆ ಅಂಗಡಿಯಿಂದಲೇ ಫೋನ್ ಹಚ್ಚಿಸಿ ಕೇಳಿದೆವು. ಅಮೆರಿಕದ ಯಾವ ಊರಿಗೂ ರಾಜ್ಯದ ಎರಡಕ್ಷರ ಮತ್ತು ಜಿಪ್ ಇಲ್ಲದೆ ಏನನ್ನೂ ಕಳಿಸಬೇಡಿ. ಸೇಲಂ ಎಂದರೆ ತಮಿಳುನಾಡಿನದೂ ಹೌದು, ಆರಿಗನ್ ರಾಜ್ಯದ ರಾಜಧಾನಿಯೂ ಹೌದು, 1692ರಲ್ಲಿ ಮಾಟಗಾತಿಯರೆಂದು ಜನರನ್ನು ವಿಚಾರಣೆಗೆ ಎಳೆದ ಮ್ಯಾಸಚೂಸೆಟ್ಸ್‌ನದೂ ಹೌದು.

ದೇಶಗಳ ವಿಷಯ ಬೇಗ ಮುಗಿಸುತ್ತೇನೆ. ಅರ್ಜಿಯಲ್ಲಿ ದೇಶಗಳ ಪಟ್ಟಿ ಅಕಾರಾದಿಯಾಗಿ ಇಳಿಯುವುದರಿಂದ ಆಸ್ಟ್ರೇಲಿಯಾ, ಆಸ್ಟ್ರಿಯಾ ಅಕ್ಕಪಕ್ಕ. ನೈಜರ್, ನೈಜೀರಿಯಾ ಅಕ್ಕಪಕ್ಕ. ಡೊಮಿನಿಕಾ, ಡೊಮಿನಿಕನ್ ಗಣರಾಜ್ಯ ಅಕ್ಕಪಕ್ಕ. ಬೆರಳು ಜಾರಲು ಇಷ್ಟು ಸಾಕು. ಆರಿಸಿದ ಮೇಲೆ ಫೋನಿನ ದೇಶಸಂಖ್ಯೆಯನ್ನು ತಾಳೆ ನೋಡಿ: ಆಸ್ಟ್ರೇಲಿಯಾ 61, ಆಸ್ಟ್ರಿಯಾ 43, ನೈಜರ್ 227, ನೈಜೀರಿಯಾ 234. ಕಾಂಗೋ ಎರಡು, ರಾಜಧಾನಿಗಳಾದ ಕಿನ್ಶಾಸಾ, ಬ್ರಾಜವಿಲ್ ಒಂದೇ ನದಿಯ ಎದುರುಬದುರು ದಡದಲ್ಲಿವೆ. ಅಲ್ಲಿ ಹೆಸರಿನ ಜೊತೆ ರಾಜಧಾನಿಯನ್ನೂ ಹೇಳುವುದೇ ರೂಢಿ.

ಊರಿಗಿಂತ ಜನರದು ಕಷ್ಟ. ಮಂಜಪ್ಪ, ತಿಮ್ಮಪ್ಪ, ನಾಗರಾಜ, ಸುಬ್ಬಣ್ಣ ಎಂಬ ಹೆಸರುಗಳನ್ನು ನಮ್ಮ ಹಿರಿಯರು ಧಾರಾಳವಾಗಿ ಹಂಚಿದ್ದಾರೆ. ಆದರೆ ಅದೇ ಹಿರಿಯರು ಬಿಡಿಸುವ ಉಪಾಯವನ್ನೂ ಇಟ್ಟುಹೋಗಿದ್ದಾರೆ: ಮನೆ ಹೆಸರು. ಮಲೆನಾಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ತೋಟಕ್ಕೊಂದು, ಗುಡ್ಡಕ್ಕೊಂದು. ಹಾಗಾಗಿ ಕೆಳಗಿನಮನೆ ಮಂಜಪ್ಪ, ಹೊಳೆಬಾಗಿಲು ಮಂಜಪ್ಪ, ಕಾನುಮನೆ ಮಂಜಪ್ಪ. ಅಂಚೆಯಣ್ಣನಿಗೆ ಆಧಾರ್ ಸಂಖ್ಯೆ ಬೇಕಿಲ್ಲ, ಇದಿಷ್ಟು ಸಾಕು. ವೇಲ್ಸ್ ದೇಶದಲ್ಲಿ ಜೋನ್ಸ್ ಎಂಬವರು ಊರಿಗೆ ಹತ್ತಿಪ್ಪತ್ತು. ಅವರು ಕಸುಬನ್ನು ಸೇರಿಸಿ ಹಾಲಿನ ಜೋನ್ಸ್, ಬ್ರೆಡ್ಡಿನ ಜೋನ್ಸ್ ಎಂದು ಕರೆದುಕೊಳ್ಳುತ್ತಾರೆ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಕುಟುಂಬದ ಹೆಸರೇ ಇಲ್ಲ, ತಂದೆಯ ಅಥವಾ ತಾಯಿಯ ಹೆಸರು ಹಿಂದೆ ಬರುತ್ತದೆ. ಟೆಲಿಫೋನ್ ಡೈರೆಕ್ಟರಿಯನ್ನು ಸ್ವಂತ ಹೆಸರಿನ ಮೇಲೆಯೇ ಜೋಡಿಸಿ ಪಕ್ಕದಲ್ಲಿ ಉದ್ಯೋಗ ಹಾಕುತ್ತಿದ್ದರು. ದಕ್ಷಿಣ ಕೊರಿಯಾದಲ್ಲಿ ಸುಮಾರು ಐವರಲ್ಲಿ ಒಬ್ಬರು ಕಿಮ್. ಅವರು ಮೂಲಸ್ಥಾನ ಹೇಳಿ ಬೇರೆಯಾಗುತ್ತಾರೆ: ಗಿಮ್ಹೇಯ ಕಿಮ್, ಗ್ಯೊಂಗ್ಜುವಿನ ಕಿಮ್. ಒಂದೇ ಕುಟುಂಬದ ಹೆಸರು, ಒಂದೇ ಮೂಲಸ್ಥಾನದವರು ಮದುವೆಯಾಗಬಾರದೆಂಬ ಕಾನೂನನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1997ರಲ್ಲಿ ತಳ್ಳಿಹಾಕಿತು. ಸಗೋತ್ರದ ಚರ್ಚೆ ಬಂದಾಗ ನಮ್ಮ ಅಂಗಡಿಯ ಬೆಂಚಿನಲ್ಲಿ ನಾನು ಇದನ್ನು ಹೇಳಿ ಜಗಳ ಹಚ್ಚುವುದುಂಟು.

ತೊಂದರೆ ಏನೆಂದರೆ, ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ನಮ್ಮವರಿಗೆ ಮನೆ ಹೆಸರು ಹೇಳಲು ನಾಚಿಕೆ. ‘ಅದೆಲ್ಲ ಬೇಡ, ಮಂಜುನಾಥ ಕೆ. ಎಂದು ಹಾಕಿ ಸಾಕು’ ಎನ್ನುತ್ತಾರೆ. ಸಾಲದು. ವಿಳಾಸವನ್ನು ಹೀಗೆ ಬರೆಯಿರಿ: ‘ಮಂಜಪ್ಪ ಬಿನ್ ತಿಮ್ಮಪ್ಪ, ಕೆಳಗಿನಮನೆ, ಇಂಥ ಮಜರೆ, ಇಂಥ ಗ್ರಾಮ, ಇಂಥ ಅಂಚೆ, ಇಂಥ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, 577432.’ ಪಿನ್ ಮಾತ್ರ ನಿಮ್ಮ ಅಂಚೆ ಕಚೇರಿಯದು ಹೌದೇ ಎಂದು ಕೇಳಿಕೊಳ್ಳಿ. ಮಗನಾದರೆ ‘ಬಿನ್’, ಹೆಂಡತಿಯಾದರೆ ‘ಕೋಂ’. ಕಂದಾಯದವರ ಈ ಹಳೆಯ ಪದಗಳನ್ನು ಹಗುರವಾಗಿ ಕಾಣಬೇಡಿ. ಹೋಬಳಿ ಬರೆಯುವಾಗ ಬರೀ ‘ಕಸಬಾ’ ಎಂದು ನಿಲ್ಲಿಸಬೇಡಿ. ಕಸಬಾ ಹೋಬಳಿ ತಾಲ್ಲೂಕಿಗೊಂದಿರುತ್ತದೆ.

ಪಹಣಿಯಲ್ಲಿ ಇನ್ನೂ ಹುಷಾರಾಗಿರಬೇಕು. ಹೆಸರಿನಿಂದ ಹುಡುಕಲು ಹೋಗಬೇಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಆ ನಂಬರಿನೊಳಗಿನ ಪಾಲು), ಈ ಕ್ರಮದಲ್ಲಿ ಇಳಿಯಿರಿ. ಪ್ರತಿ ಬಂದ ಮೇಲೆ 9ನೆಯ ಕಾಲಂನಲ್ಲಿ ತಂದೆಯ ಹೆಸರನ್ನು ಓದಿ, ವಿಸ್ತೀರ್ಣ ನೋಡಿ, ಮ್ಯುಟೇಶನ್ (ಹಕ್ಕು ಬದಲಾವಣೆಯ) ಸಂಖ್ಯೆ ನಿಮ್ಮದೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಸಾಲ, ಋಣಗಳನ್ನು ಬರೆಯುವ 11ನೆಯ ಕಾಲಂ. ಅಲ್ಲಿ ನೀವು ತೆಗೆಯದ ಬೆಳೆಸಾಲ ಕಂಡರೆ ಗಾಬರಿ ಬೇಡ, ಮೊದಲು ನಿಮ್ಮದೇ ಹೆಸರಿನ ಇನ್ನೊಬ್ಬರು ಅದೇ ಗ್ರಾಮದಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕಡತಗಳಲ್ಲೂ ನಡೆಯುತ್ತದೆ. ಇದ್ದರೆ ಇಬ್ಬರೂ ಸೇರಿಯೇ ನಾಡಕಚೇರಿಗೆ ಹೋಗಿ. ಒಬ್ಬರೇ ಹೋದರೆ ಇನ್ನೊಬ್ಬರನ್ನು ಕರೆತನ್ನಿ ಎಂದು ವಾಪಸು ಕಳಿಸುತ್ತಾರೆ.

ದುಡ್ಡು ಕಳಿಸುವಾಗ ಹೆಸರು ನಿಮ್ಮನ್ನು ಕಾಯುತ್ತದೆಂದು ತಿಳಿಯಬೇಡಿ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ. 2025ರ ಏಪ್ರಿಲ್ 1ರೊಳಗೆ ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು, ಒಳ್ಳೆಯದೇ ಆಯಿತು. ಆದರೆ ತೆರೆಯ ಮೇಲೆ ‘ಮಂಜುನಾಥ ಕೆ.’ ಎಂದು ಬಂದರೆ ಅದು ಯಾವ ಮಂಜುನಾಥ? ಒಂದು ರೂಪಾಯಿ ಕಳಿಸಿ, ಫೋನ್ ಮಾಡಿ, ‘ಬಂತು’ ಎಂದ ಮೇಲೆ ಉಳಿದದ್ದನ್ನು ಕಳಿಸಿ. ಅಡಿಕೆ ದುಡ್ಡಿನ ವಿಷಯದಲ್ಲಿ ಒಂದು ರೂಪಾಯಿಗೆ ಜಿಪುಣತನ ಬೇಡ.

ಶಾಲೆ ಮಕ್ಕಳಿಗೆ ಒಂದು ಮಾತು. ಮಹನೀಯರ ಚಿತ್ರ, ವಿವರ ಮುದ್ರಿಸಿಕೊಳ್ಳಲು ನೀವು ಬಂದಾಗ ‘ಮಂಜಪ್ಪ’ ಎಂದು ಹುಡುಕಬೇಡಿ. ನಮ್ಮ ತಾಲ್ಲೂಕಿನ ಕಡಿದಾಳು ಮಂಜಪ್ಪನವರು 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ್ ಮಂಜಪ್ಪನವರು ಕರ್ನಾಟಕದ ಗಾಂಧಿ ಎನಿಸಿಕೊಂಡವರು. ಅವರು ತೀರಿಕೊಂಡದ್ದು 1947ರಲ್ಲಿ. 1956ರ ಪ್ರಮಾಣವಚನದ ಫೋಟೋದಲ್ಲಿ ಅವರನ್ನು ನಿಲ್ಲಿಸಲಾಗದು. ಹರ್ಡೇಕರ್ ಎಂದು ಹುಡುಕಿದರೂ ಪಕ್ಕದಲ್ಲೇ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರ್ ಕಾದಿರುತ್ತಾರೆ. ಪುಟ್ಟಪ್ಪ ಎಂದರೆ ಕುಪ್ಪಳಿಯ ಪುಟ್ಟಪ್ಪನವರೋ, ಪತ್ರಕರ್ತ ಪಾಟೀಲ ಪುಟ್ಟಪ್ಪನವರೋ? ಹುಟ್ಟಿದ ಊರು, ಬದುಕಿದ ಅವಧಿ, ಮಾಡಿದ ಕೆಲಸ, ಈ ಮೂರೂ ಒಂದೇ ವ್ಯಕ್ತಿಗೆ ಕೂಡಿಬಂದರೆ ಮಾತ್ರ ಮುದ್ರಿಸಿ. ಬಣ್ಣದ ಪ್ರತಿಗೆ ದುಡ್ಡು ವಾಪಸ್ಸಿಲ್ಲ.

ನಕ್ಷೆಯಲ್ಲಿ ಮನೆ ತೋರಿಸುವವರು ಅಕ್ಷಾಂಶ, ರೇಖಾಂಶವನ್ನು ಒಮ್ಮೆ ಓದಲು ಕಲಿಯಿರಿ. ತೀರ್ಥಹಳ್ಳಿ ಸುಮಾರು 13.7, 75.2, ನಮ್ಮ ಸಾಗರ 14.2, 75.0. ಮೊದಲ ಅಂಕಿ 23 ಎಂದು ಬಂದಿದ್ದರೆ ನೀವು ಮಧ್ಯಪ್ರದೇಶದ ಸಾಗರದಲ್ಲಿ ಬೆರಳಿಟ್ಟಿದ್ದೀರಿ. ಮದುವೆಗೆ ಬರುವವರಿಗೆ ನಕ್ಷೆಯ ಕೊಂಡಿಯ ಜೊತೆ ಯಾವ ನಿಲ್ದಾಣದಲ್ಲಿ ಇಳಿಯಬೇಕು, ಯಾರ ಅಂಗಡಿಯಲ್ಲಿ ಕೇಳಬೇಕು ಎಂದೂ ಬರೆಯಿರಿ. ಆಗುಂಬೆ ಕಡೆಯ ತಿರುವುಗಳಲ್ಲಿ ಸಿಗ್ನಲ್ ಸತ್ತ ಮೇಲೆ ಕೊಂಡಿ ತೆರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇನ್ನೊಬ್ಬ ಮಂಜಪ್ಪನ ಲಕೋಟೆ ನಿಮ್ಮ ಜಗಲಿಗೆ ಬಂದೇ ಬರುತ್ತದೆ. ಒಡೆಯಬೇಡಿ. ಸ್ಪೀಡ್ ಪೋಸ್ಟ್ ಆಗಿದ್ದರೆ ಸಹಿ ಹಾಕುವ ಮುಂಚೆ ತಂದೆಯ ಹೆಸರು, ಮನೆ ಹೆಸರು ಓದಿ. ಸಹಿ ಬಿದ್ದ ಮೇಲೆ ಅದು ಸರಿಯಾದವರಿಗೇ ತಲುಪಿತೆಂದು ದಾಖಲೆಯಾಗುತ್ತದೆ. ನಿಮ್ಮದಲ್ಲದಿದ್ದರೆ ಅಂಚೆಯಣ್ಣನ ಕೈಗೇ ವಾಪಸು ಕೊಡಿ. ನಿಜವಾದ ಮಂಜಪ್ಪನ ಮನೆ ಗೊತ್ತಿದ್ದರೆ ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ಕಾನುಮನೆ’ ಎಂದು ಬರೆದು ಕೊಡಿ. ಪೆನ್ನು ಬೇಡ, ಮಳೆಗೆ ಶಾಯಿ ಹರಡುತ್ತದೆ.